ಮಾವನ ಆರ್ಕೆಸ್ಟ್ರಾದ ಹೆಣ್ಣು ದನಿ

ನಾನು ಡಿಗ್ರಿ ಮುಗಿಸುವುದಿಲ್ಲ ಅಂತ ಹೇಳಿದ್ದು ಹೊರಗಿನವರಲ್ಲ, ನನ್ನ ಸೋದರಮಾವ. "ನಮ್ಮನೇಲಿ ಹತ್ತನೇ ಕ್ಲಾಸು ದಾಟಿದೋರೇ ಇಲ್ಲ. ನಿಂಗ್ಯಾಕೆ ಮಾರಾಯ್ತಿ ಆ ಉಸಾಬರಿ? ಸುಮ್ನೆ ಮೈಕ್ ಹಿಡ್ಕೊ" ಅಂದಿದ್ದ.

ಈ ಸಲದ ಗಣಪತಿ ಹಬ್ಬಕ್ಕೆ ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಬೀದಿಗೆ ಸೌಂಡ್ ಬಾಕ್ಸ್ ಹೊತ್ತ ಗಾಡಿಯೊಂದು ಬಂತು. ಒಬ್ಬ ಮೊಬೈಲಿಗೆ ವೈರ್ ಚುಚ್ಚಿದ, ಹಾಡು ಶುರುವಾಯಿತು. ಹಾಡುವುದಕ್ಕೆ ಯಾರೂ ಬೇಕಾಗಿರಲಿಲ್ಲ. ನಮ್ಮ ಕಿಟಕಿ ಗಾಜು ಅದುರುತ್ತಿದ್ದರೆ ನನಗೆ ಮಾವನ ಜೊತೆ ಹಾಡುತ್ತಿದ್ದ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್ ನೆನಪಾಯಿತು.

ಮಾವನ ಆರ್ಕೆಸ್ಟ್ರಾ ಅಂದರೆ ದೊಡ್ಡದೇನೂ ಅಲ್ಲ. ಶಿಫ್ಟ್ ಮುಗಿಸಿ ಬಂದ ಐದು ಜನ, ಒಂದು ಕೀಬೋರ್ಡು, ಒಂದು ರಿದಮ್ ಪ್ಯಾಡು, ಮಾವನ ಗಂಟಲು. ಹೆಣ್ಣು ದನಿ ನನ್ನದು. ಆ ಊರಲ್ಲಿ ಕನ್ನಡವೊಂದನ್ನೇ ಹಾಡಿದರೆ ಸಾಲದು, ಎದುರಿಗೆ ತಮಿಳಿನವರು, ತೆಲುಗಿನವರು ಕೂತಿರುತ್ತಾರೆ. ಕ್ಯಾಸೆಟ್ ಕೇಳಿ ಕೇಳಿ ಅವರ ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಅರ್ಥ ದೇವರಿಗೇ ಗೊತ್ತು. ಒಂದು ನಾಮಕರಣದಲ್ಲಿ ನಗುನಗುತ್ತಾ ತಮಿಳು ಹಾಡು ಹಾಡಿದೆ. ಮುಂದಿನ ಸಾಲಿನ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಂಥಾ ಗಾಯಕಿ ನಾನು ಅಂತ ಬೀಗಿದೆ. ಅದು ಸತ್ತವರನ್ನು ನೆನೆದು ಹಾಡುವ ಹಾಡಂತೆ. "ಅಳ್ಸಿದೀಯಲ್ಲ, ಅಷ್ಟು ಸಾಕು ಬಿಡು" ಅಂದ ಮಾವ.

ಕಡೇ ವರ್ಷದ ಪರೀಕ್ಷೆಯೂ ಕ್ವಾರ್ಟರ್ಸಿನ ವಾರ್ಷಿಕೋತ್ಸವವೂ ಒಂದೇ ದಿನ ಬಿದ್ದವು. "ಐದಕ್ಕೆ ಪೇಪರ್ ಮುಗಿಯುತ್ತೆ ಮಾವ, ಆರೂವರೆಗೆ ಸ್ಟೇಜ್ ಮೇಲಿರ್ತೀನಿ" ಅಂದಿದ್ದೆ. ಪೇಪರ್ ಮುಗಿಸಿ ಶಿವಮೊಗ್ಗದ ಬಸ್ ಸ್ಟ್ಯಾಂಡಿಗೂ ಬಂದೆ. ಮಾರನೇ ದಿನ ಇಂಗ್ಲಿಷ್, ಅದಾಗಲೇ ಎರಡು ಸಲ ಫೇಲಾಗಿದ್ದೆ. ಭದ್ರಾವತಿ ಬಸ್ಸು ಎದುರಿಗೇ ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ನಾನು ಹತ್ತಲಿಲ್ಲ. ಫೋನ್ ಮಾಡುವ ಧೈರ್ಯವೂ ಆಗಲಿಲ್ಲ. ಅಲ್ಲೇ ದುರ್ಗಿಗುಡಿಯಲ್ಲಿದ್ದ ನನ್ನ ಬಾಡಿಗೆ ರೂಮಿಗೆ ವಾಪಸ್ ಹೋಗಿ ಓದಿದೆ, ಪಾಸಾದೆ. ಅದಕ್ಕೆ ಈಗಲೂ ಹೆಮ್ಮೆಯಿದೆ, ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳಲಿ.

ಅವತ್ತು ನನ್ನ ಹಾಡುಗಳಲ್ಲಿ ಎರಡೂ ದನಿ ಮಾವನೇ ಹಾಡಿದನಂತೆ. ಹೆಣ್ಣು ದನಿ ತೆಗೆದಾಗ ಜನ ಬಿದ್ದು ಬಿದ್ದು ನಕ್ಕರಂತೆ. ಮಾವ ನನಗೆ ಒಂದು ಮಾತೂ ಅನ್ನಲಿಲ್ಲ, ಮತ್ತೆ ಹಾಡಲು ಕರೆಯಲೂ ಇಲ್ಲ. ಎರಡು ವರ್ಷಕ್ಕೆ ಆರ್ಕೆಸ್ಟ್ರಾ ನಿಂತಿತು. ನನ್ನಿಂದಲೇ ಅಂತಲ್ಲ, ಕರೆಯುವವರೇ ಕಡಿಮೆಯಾಗಿದ್ದರು. ಆದರೂ ಡಿಗ್ರಿ ಸರ್ಟಿಫಿಕೇಟ್ ತರಲು ನನಗೆ ಕಾಲೇಳಲಿಲ್ಲ. ಕೆಲಸ ಮಾರ್ಕ್ಸ್ ಕಾರ್ಡಿನಲ್ಲೇ ಸಿಕ್ಕಿತ್ತು.

ಹಬ್ಬ ಕಳೆದ ಮೇಲೆ ಶಂಕರಘಟ್ಟದ ಯೂನಿವರ್ಸಿಟಿಗೆ ಹೋಗಿ ಸರ್ಟಿಫಿಕೇಟಿಗೆ ಅರ್ಜಿ ಕೊಟ್ಟೆ. ಮೊನ್ನೆ ಸಿಕ್ಕಿತು. ಸೀದಾ ಮಾವನ ಮನೆಗೆ ಹೋದೆ.

ಮಾವ ಕೈಯನ್ನು ಲುಂಗಿಗೆ ಒರೆಸಿಕೊಂಡು ಇಸಿದುಕೊಂಡ. "ಎಷ್ಟು ದಪ್ಪ ಕಾಗದ ಹಾಕವ್ರೆ ನೋಡು" ಅಂದ. ಆ ಗಂಟಲು ಈಗ ಬರೀ ಗೊರಗೊರ. ತುಟಿ ಅಲುಗಿಸುತ್ತಾ ನನ್ನ ಹೆಸರು ಓದಿದ.

"ಮಾವ, ಅವತ್ತು ಬಸ್ಸಿತ್ತು. ನಾನೇ ಹತ್ತಲಿಲ್ಲ."

ಮಾವ ಕಾಗದದಿಂದ ತಲೆ ಎತ್ತಲಿಲ್ಲ. "ಹತ್ತದೇ ಇದ್ದಿದ್ದೇ ಒಳ್ಳೇದಾಯ್ತು ಬಿಡು" ಅಂದ. ಕಾಗದವನ್ನು ನನ್ನ ಕೈಗಿಡುತ್ತಾ, "ಬಸ್ಸು ಲೇಟಾಗಿರ್ಬೇಕು ಅಂದ್ಕೊಂಡು ನಿನ್ನ ಹಾಡುಗಳನ್ನೆಲ್ಲ ಕೊನೇಗೆ ತಳ್ತಾ ಹೋದೆ ಕಣೆ."