ಅಣ್ಣ ವೈರು ಕಿತ್ತ ಸಂಜೆ

ಜನರೇ ನಡೆಸುವ ಒಂದು ಸಣ್ಣ ರೇಡಿಯೋ ನಮ್ಮ ಕಡೆಗೂ ಬೇಕು ಎಂದು ನಾವೊಂದಿಷ್ಟು ಹೆಂಗಸರು ಓಡಾಡುತ್ತಿದ್ದೇವೆ. ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರದ ಒಂದು ಚಹಾದಂಗಡಿಯ ಮೇಲಿನ ಕೋಣೆಯೇ ನಮ್ಮ ಆಫೀಸು. ದಿಲ್ಲಿಯಿಂದ ಲೈಸೆನ್ಸ್ ಬರುವವರೆಗೆ ರೇಡಿಯೋದಲ್ಲಿ ಒಂದು ಮಾತನ್ನೂ ಬಿಡುವಂತಿಲ್ಲ. ಅದಕ್ಕೇ ಊರವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಊರೂರಿಗೆ ಹೋಗಿ ಸ್ಪೀಕರಿಗೆ ಹಚ್ಚಿ ಕೇಳಿಸುತ್ತೇವೆ. ರೇಡಿಯೋ ಬಂದರೆ ಹೀಗಿರುತ್ತದೆ ಎಂದು ತೋರಿಸಲು.

ತಿಕೋಟಾ ನನ್ನ ತವರು. ಅಲ್ಲಿಯ ಕಾರ್ಯಕ್ರಮ ಮಾಡಿದವರು ಒಣದ್ರಾಕ್ಷಿ ಆರಿಸುವ ಕೂಲಿಗೆ ಹೋಗುವ, ನನ್ನದೇ ವಾರಿಗೆಯ ಒಬ್ಬ ಹೆಣ್ಣುಮಗಳು. ಬುದ್ಧನ ಫೋಟೋ ಇಟ್ಟುಕೊಂಡ ಮನೆಗಳ ಓಣಿಯವರು. ಆ ಓಣಿಯ ಮುಂದೆ ಬಸ್ಸು ಯಾಕೆ ನಿಲ್ಲುವುದಿಲ್ಲ ಎಂಬುದೇ ಅವರ ವಿಷಯ. ಕಂಡಕ್ಟರನ ಸೀಟಿಯನ್ನೂ ಗದರಿಕೆಯನ್ನೂ ಎಷ್ಟು ಚೆನ್ನಾಗಿ ಅಣಕಿಸಿದ್ದರೆಂದರೆ, ರೆಕಾರ್ಡ್ ಮಾಡುವಾಗ ನಾವೇ ನಕ್ಕು ಎರಡು ಸಲ ಕೆಡಿಸಿದ್ದೆವು.

ಸ್ಪೀಕರನ್ನು ನಮ್ಮ ಮನೆಯ ಕಟ್ಟೆಯ ಮೇಲಿಟ್ಟೆವು. ಕರೆಂಟು ಕೊಡಲು ಅಣ್ಣ ಸಂತೋಷದಿಂದಲೇ ಒಪ್ಪಿದ್ದ. ಜನ ಸೇರಿದರು. ಅಣ್ಣನ ಹೆಂಡತಿ, ನಮ್ಮ ವೈನಿ, ಎಲ್ಲರಿಗೂ ಸ್ಟೀಲಿನ ಲೋಟದಲ್ಲಿ ಚಹಾ ತಂದರು. ಕಾರ್ಯಕ್ರಮ ಮಾಡಿದ ಆ ಹೆಣ್ಣುಮಗಳೊಬ್ಬರಿಗೆ ಮಾತ್ರ ಕಾಗದದ ಕಪ್ಪು. ನೋಡಿ ನನ್ನ ಕಿವಿ ಬಿಸಿಯಾದವು. ಅವರು ಅದರಲ್ಲೇ ಕುಡಿದರು.

ಕಾರ್ಯಕ್ರಮ ಶುರುವಾಯಿತು. ಸೀಟಿಯ ಭಾಗಕ್ಕೆ ಜನ ಗೊಳ್ಳೆಂದು ನಕ್ಕರು. ನಗು ಕೇಳಿ ಒಳಗಿನಿಂದ ಬಂದ ಅಣ್ಣ ಸ್ವಲ್ಪ ಹೊತ್ತು ನಿಂತು ಕೇಳಿದ.

"ಯಾರ ದನಿ ಇದು?"

ನಾನು ಅವರ ಕಡೆ ಕೈ ಮಾಡಿದೆ, ಹೆಮ್ಮೆಯಿಂದಲೇ. ಅಣ್ಣ ಬಗ್ಗಿ ವೈರು ಕಿತ್ತ.

"ಆ ಓಣಿಯವರು ನಮ್ಮ ಕಟ್ಟಿ ಮ್ಯಾಲಿಂದ ಊರಿಗೆ ಬುದ್ಧಿ ಹೇಳೂದೇನು? ನನ್ನ ಕೇಳಿ ಹಾಕೀಯೇನ ನೀ?"

"ಯಣ್ಣಾ, ವೈರ್ ಹಚ್ಚು," ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಿತ್ತು. ಅವನು ಬಾಗಿಲು ಹಾಕಿಕೊಂಡ.

ಆಗ ಆಕೆ ಮುಂದೆ ಬಂದು, ಮೈಕಿಲ್ಲದೆ, ನಿಂತಲ್ಲಿಂದಲೇ ಉಳಿದ ಮಾತು ಮುಗಿಸಿದರು. ಅರ್ಧ ಜನ ಮೆಲ್ಲಗೆ ಸರಿದುಹೋದರು. ಅರ್ಧ ಜನ ನಿಂತು ಕೇಳಿದರು. ನನಗೆ ತಲೆ ಎತ್ತಲಾಗಲಿಲ್ಲ.

ಮರುದಿನ ಅವರ ಮನೆಗೆ ಹೋದೆ. ಹೊಸ್ತಿಲಲ್ಲೇ ಅಳು ಬಂತು.

"ಅಕ್ಕಾರ, ಅಳಬ್ಯಾಡ್ರಿ," ಎಂದರು ಅವರು, ಸ್ವಲ್ಪ ಬೇಸರದಿಂದಲೇ. "ಬೈಸ್ಕೊಂಡಾಕಿ ನಾನು. ಈಗ ನಿಮ್ಮನ್ನ ಸಮಾಧಾನ ಮಾಡೂ ಕೆಲಸಾನೂ ನನಗ ಹಚ್ಚತೀರೇನ್ರಿ?"

ಕಣ್ಣೊರೆಸಿಕೊಂಡು, ಏನು ಮಾಡಲಿ ಎಂದು ಕೇಳಿದೆ.

"ಅದನ್ನ ಇನ್ನೊಮ್ಮೆ ಹಚ್ರಿ. ಇದೇ ಊರಾಗ. ಯಾರ ಮನಿ ಕರೆಂಟೂ ಬ್ಯಾಡ."

ಒಂದು ಟೆಂಪೋದ ಬ್ಯಾಟರಿಯಿಂದ ತಿಕೋಟಾದ ಬಸ್ ಸ್ಟ್ಯಾಂಡಿನಲ್ಲಿ ಪೂರ್ತಿ ಕಾರ್ಯಕ್ರಮ ಕೇಳಿಸಿದೆವು. ಅಣ್ಣ ಮೋಟಾರ್ ಸೈಕಲ್ ಮೇಲೆ ಅದೇ ದಾರಿಯಲ್ಲಿ ಬಂದ, ನಿಲ್ಲಿಸಲಿಲ್ಲ. ಆಮೇಲೆ ಬಬಲೇಶ್ವರದ ಹೆಂಗಸರು ಅವರನ್ನೇ ಕರೆಸಿ ಎಂದು ಹಟ ಹಿಡಿದರು. ಅಲ್ಲಿ ಅವರೇ ಮೈಕು ಹಿಡಿದು ಉಳಿದವರನ್ನು ಮಾತಾಡಿಸಿದರು. ಬಸ್ಸು ಇನ್ನೂ ಅವರ ಓಣಿಯ ಮುಂದೆ ನಿಲ್ಲುವುದಿಲ್ಲ. ಲೈಸೆನ್ಸೂ ಬಂದಿಲ್ಲ.

ನಾಗರಪಂಚಮಿಗೆ ತವರಿಗೆ ಕರೆಯಲು ಅಣ್ಣ ವಿಜಯಪುರದ ನಮ್ಮ ಮನೆಗೆ ಬಂದ.

"ಮೊದಲ ಆಕಿ ಹತ್ರ ಹೋಗಿ ತಪ್ಪಾತು ಅನ್ನು. ಆಮ್ಯಾಲೆ ಬರ್ತೀನಿ," ಎಂದೆ.

"ಒಂದ್ ರೇಡಿಯೋ ಸಲುವಾಗಿ ತವರಮನಿ ಬಿಡ್ತೀಯೇನ?"

"ರೇಡಿಯೋ ಸಲುವಾಗಿ ಅಲ್ಲ, ಯಣ್ಣಾ."

ಅವನು ನೀರೂ ಕುಡಿಯದೆ ಹೋದ. ವೈನಿ ಕಳಿಸಿದ್ದ ಉಂಡಿಯ ಡಬ್ಬಿ ಮೇಜಿನ ಮೇಲೇ ಉಳಿಯಿತು. ಎರಡು ದಿನ ಮುಟ್ಟಲಿಲ್ಲ, ಆಮೇಲೆ ತಿಂದೆ.

ಹಬ್ಬದ ದಿನ ಪಕ್ಕದ ಮನೆಯವರು ಕೇಳಿದರು: "ಈ ಸಲ ತವರಿಗೆ ಹೋಗಿಲ್ಲೇನ್ರಿ?"

ಎಲ್ಲರೂ ಬಾಯಿ ಬಿಟ್ಟು ಮಾತಾಡಿ ಎಂದು ಊರೂರು ತಿರುಗುವವಳು ನಾನು. "ಮೈಯಾಗ ಆರಾಮಿಲ್ಲರಿ," ಎಂದು ಹೇಳಿ ಒಳಗೆ ಬಂದೆ.