ಬಲಗೈಯ ಮೊದಲ ಬಾಲು

ಪೀಣ್ಯದ ಒಂದು ಕಾರ್ಖಾನೆ ನನ್ನನ್ನು ಕಾಂಟ್ರ್ಯಾಕ್ಟ್ ಮೇಲೆ ಸೇರಿಸಿಕೊಂಡದ್ದು ಐಟಿಐ ಸರ್ಟಿಫಿಕೇಟ್ ನೋಡಿ ಅಲ್ಲ, ಎಡಗೈ ನೋಡಿ. ಕಾರ್ಖಾನೆಗಳ ಟೆನಿಸ್ ಬಾಲ್ ಟೂರ್ನಮೆಂಟಿಗೆ ಅವರಿಗೊಬ್ಬ ಎಡಗೈ ಬೌಲರ್ ಬೇಕಿತ್ತು. ಬೇಕಿದ್ದದ್ದಾದರೂ ಎಷ್ಟು? ಪಂದ್ಯಕ್ಕೆ ಒಂದೇ ಓವರು, ಅದೂ ಕೊನೆಯದು. ಮಿಕ್ಕ ಹೊತ್ತೆಲ್ಲ ನಾನು ಬೌಂಡರಿ ಹತ್ತಿರ ನಿಂತು ಮೋರಿಗೆ ಬಿದ್ದ ಚೆಂಡು ಎತ್ತುತ್ತಿದ್ದೆ. ನಮ್ಮ ಪ್ರೊಡಕ್ಷನ್ ಮ್ಯಾನೇಜರೇ ಕ್ಯಾಪ್ಟನ್ನು. ಮೊದಲ ಓವರು ತಾವೇ ಹಾಕಿ ಚೆನ್ನಾಗಿ ಹೊಡೆಸಿಕೊಳ್ಳುವುದು ಅವರ ಹಕ್ಕು. ಆ ಗಲೀಜನ್ನು ಕೊನೆಯಲ್ಲಿ ತೊಳೆಯುವುದು ನನ್ನ ಕರ್ತವ್ಯ.

ಮೂರು ವರ್ಷ ಹೀಗೇ ತೊಳೆದೆ. ನಾಲ್ಕನೇ ವರ್ಷ ಫೈನಲ್ ತಲುಪಿದಾಗ ಮ್ಯಾನೇಜರು ಕರೆದು, "ಕಪ್ ಬರ್ಲಿ ಕಣ್ರೀ, ನಿಮ್ಮನ್ನ ಪರ್ಮನೆಂಟ್ ಮಾಡಿಸ್ತೀನಿ," ಅಂದರು. ಶೆಟ್ಟಿಹಳ್ಳಿಯಲ್ಲಿ ಅಮ್ಮ ಬೀದಿಗೆಲ್ಲ ಡಂಗುರ ಸಾರಿದಳು.

ನಮ್ಮ ಕಾರ್ಖಾನೆಯಲ್ಲಿ ಹೊಸ ಸ್ಕ್ರೂಡ್ರೈವರಿಗೂ ಪೂಜೆಯಾಗಬೇಕು. ಫೈನಲ್ಲಿನ ಚೆಂಡನ್ನು ಬಿಡುತ್ತಾರೆಯೇ? ಚಿಕ್ಕಬಾಣಾವರದ ಮೈದಾನದಲ್ಲಿ ಅದಕ್ಕೆ ಕುಂಕುಮ ಹಚ್ಚಿ ಕರ್ಪೂರ ಬೆಳಗಿದರು. ಮಂಗಳಾರತಿ ಮುಗಿಯುತ್ತಲೇ ನಾನು ಅಭ್ಯಾಸಬಲದಿಂದ ಎಡಗೈಯಲ್ಲಿ ಚೆಂಡು ಎತ್ತಿಕೊಂಡೆ. ಮ್ಯಾನೇಜರ ಮುಖ ಕಪ್ಪಿಟ್ಟಿತು.

"ಥೂ, ಪೂಜೆ ಮಾಡಿದ್ದನ್ನ ಎಡಗೈಯಲ್ಲಿ ಮುಟ್ತಾರೇನ್ರೀ? ಅಪಶಕುನ! ಇವತ್ತು ನಿಮ್ಮ ಮೊದಲ್ನೇ ಬಾಲು ಬಲಗೈಯಲ್ಲೇ ಹಾಕ್ಬೇಕು. ದೋಷ ಹೋಗ್ಲಿ. ಆಮೇಲೆ ನಿಮ್ಮಿಷ್ಟ."

"ಸಾರ್, ನನ್ಗೆ ಬಲಗೈಯಲ್ಲಿ ಕಲ್ಲು ಎಸೆಯೋಕೂ ಬರಲ್ಲ."

"ಪರ್ಮನೆಂಟ್ ಆಗ್ಬೇಕೋ ಬೇಡ್ವೋ?"

ಆಗಬೇಕಿತ್ತು. "ಆಯ್ತು ಸಾರ್," ಅಂದೆ.

ಕೊನೆಯ ಓವರಿನಲ್ಲಿ ಎದುರಾಳಿಗಳಿಗೆ ಎಂಟು ರನ್ ಬೇಕಿತ್ತು. ಮ್ಯಾನೇಜರೇ ಅಂಪೈರಿಗೆ, "ಬಲಗೈ ಬೌಲಿಂಗ್ ಸಾರ್," ಎಂದು ಘನವಾಗಿ ತಿಳಿಸಿದರು. ನನ್ನ ಬಲಗೈಯಿಂದ ಹೊರಟ ಚೆಂಡು ಬೆಳಗಿನ ವಾಕಿಂಗಿಗೆ ಬಂದವರ ಹಾಗೆ ಆರಾಮಾಗಿ ಹೋಯಿತು. ಬೌಂಡರಿ. ದೋಷ ಹೋಯಿತು, ಜೊತೆಗೆ ನಾಲ್ಕು ರನ್ನೂ ಹೋಯಿತು.

ಸಿಟ್ಟು ನೆತ್ತಿಗೇರಿತ್ತು. ಎರಡನೆಯದನ್ನು ಎಡಗೈಯಲ್ಲಿ ಹಾಕಿದೆ. ನಡುವಿನ ಸ್ಟಂಪ್ ಎಗರಿತು. ನಾನು ಕುಣಿಯುತ್ತಿದ್ದಾಗ ಅಂಪೈರು ತಣ್ಣಗೆ ನೋಬಾಲ್ ಎಂದು ಕೈ ಚಾಚಿದರು.

"ಕೈ ಬದಲಾಯಿಸೋಕೆ ಮುಂಚೆ ನನ್ಗೆ ಹೇಳ್ಬೇಕು ಗುರು. ರೂಲ್ಸು."

ಆ ರೂಲ್ಸು ನನಗೂ ಗೊತ್ತಿತ್ತು, ಸಿಟ್ಟಿನಲ್ಲಿ ಮರೆತಿದ್ದೆ. ವಿಕೆಟ್ ಲೆಕ್ಕಕ್ಕಿಲ್ಲ, ಮೇಲೊಂದು ರನ್ ದಂಡ. ಫ್ರೀ ಹಿಟ್ಟಿನ ಚೆಂಡು ಸಿಕ್ಸರಾಗಿ ಕಾಂಪೌಂಡ್ ದಾಟಿತು. ಪಂದ್ಯ ಮುಗಿಯಿತು.

"ಬೆಳಿಗ್ಗೇನೇ ಹೇಳ್ಲಿಲ್ವಾ ನಾನು, ಎಡಗೈ ಅಪಶಕುನ ಅಂತ?" ಮ್ಯಾನೇಜರು ಎಲ್ಲರಿಗೂ ಕೇಳುವಂತೆ ಅಂದರು. ಟೀಮಿನವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ನಾಚಿಕೆಗೇಡು, ನಾನೂ ಆಡಿಸಿದೆ.

ಮನೆಯಲ್ಲಿ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. "ಆಗಕಿಲ್ಲ ಅಂತ ಯಾಕ್ಲಾ ಏಳ್ಲಿಲ್ಲ ನೀನು?"

"ಹೇಳಿದ್ರೆ ಪರ್ಮನೆಂಟ್ ಮಾಡಲ್ವೇನೋ ಅಂತ ಹೆದರ್ಕೊಂಡೆ ಅಮ್ಮ."

"ಈಗ ಮಾಡ್ತಾರಾ?" ಅಂದಳು.