ಸೂರ್ಯನನ್ನು ತೋರಿಸಿದ ದಿನ

ಸೊರಬದ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಟೀಚರ್. ಶಿಕಾರಿಪುರದಿಂದ ದಿನಾ ಬಸ್ಸಿನಲ್ಲಿ ಓಡಾಟ. ಆ ವಾರ ಒಂಬತ್ತನೇ ತರಗತಿಗೆ ನಕ್ಷತ್ರಗಳ ಪಾಠ ನಡೆದಿತ್ತು. ಅನಿಲ ಮತ್ತು ಧೂಳಿನ ಮೋಡ ತನ್ನ ಭಾರಕ್ಕೆ ತಾನೇ ಕುಸಿದು, ಒಳಗೆ ಕಾವು ಹೆಚ್ಚಿ ನಕ್ಷತ್ರ ಹುಟ್ಟುತ್ತದೆ ಎಂದೆ. ಭಾರೀ ನೀಲಿ ನಕ್ಷತ್ರಗಳು ಬೇಗ ಉರಿದು ಸಿಡಿದು ಸಾಯುತ್ತವೆ, ಸಣ್ಣ ಕೆಂಪು ನಕ್ಷತ್ರಗಳು ನಿಧಾನಕ್ಕೆ ಉರಿಯುತ್ತಾ ಬಹುಕಾಲ ಬಾಳುತ್ತವೆ. ನಮ್ಮ ಸೂರ್ಯ ಈ ಎರಡರ ನಡುವಿನವನು. ಒಂದು ದಿನ ಊದಿಕೊಂಡು ಕೆಂಪಾಗಿ, ಕೊನೆಗೆ ಬೆಳ್ಳಗಿನ ಸಣ್ಣ ಕೆಂಡದಂತೆ ಉಳಿಯುತ್ತಾನೆ.

"ಸೂರ್ಯನೂ ನಕ್ಷತ್ರ ಅಂತ ಹೆಂಗೆ ನಂಬೋದು ಮೇಡಂ?" ಅಂದಳು ಹೊಸಬಾಳೆಯಿಂದ ಬರುತ್ತಿದ್ದ ಹುಡುಗಿ.

ಅದಕ್ಕೇ ಗೆಳತಿಯೊಬ್ಬಳ ದೂರದರ್ಶಕ ಕೇಳಿ ತಂದೆ. ಸೂರ್ಯನ ಮೇಲಿನ ಕಪ್ಪು ಕಲೆಗಳನ್ನು ತೋರಿಸುವ ಆಸೆ. ಬೆಳಗಿನ ಬಿಡುವಿನಲ್ಲಿ ಮೈದಾನದಲ್ಲಿ ನಿಲ್ಲಿಸಿ, ದೊಡ್ಡ ಕೊಳವೆಯ ಬಾಯಿಗೆ ಬಿಸಿಲು ತಡೆಯುವ ಹಾಳೆ ಕಟ್ಟಿದೆ. ಅದರ ಬೆನ್ನ ಮೇಲೆ ಗುರಿ ಹಿಡಿಯುವುದಕ್ಕೆ ಇನ್ನೊಂದು ಪುಟ್ಟ ಕೊಳವೆ ಇತ್ತು. ಅದಕ್ಕೆ ಹಾಳೆ ಇರಲಿಲ್ಲ. ಅದರ ಮುಚ್ಚಳ ನನ್ನ ಬ್ಯಾಗಿನಲ್ಲೇ ಉಳಿದಿತ್ತು.

ಮಕ್ಕಳ ಸಾಲು ಸರಿಮಾಡಿ ತಿರುಗಿ ನೋಡುತ್ತೇನೆ, ಆ ಹೊಸಬಾಳೆಯ ಹುಡುಗಿ ಬಲಗಣ್ಣನ್ನು ಆ ಪುಟ್ಟ ಕೊಳವೆಗೆ ಹಚ್ಚಿದ್ದಾಳೆ.

"ಅದರಲ್ಲಲ್ಲ!" ಕೂಗಿ ಎಳೆದೆ.

"ಏನೂ ಆಗಿಲ್ಲ ಮೇಡಂ, ನೋವಿಲ್ಲ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಒಂದು ಹಸಿರು ಚುಕ್ಕೆ ಹೋಗ್ತಾನೇ ಇಲ್ಲ."

ಕಣ್ಣಿನ ಒಳಪರದೆ ಸುಟ್ಟರೆ ನೋವಾಗುವುದಿಲ್ಲ ಎಂದು ಓದಿ ಗೊತ್ತಿತ್ತು.

"ಸಂಜೆತನಕ ನೋಡೋಣ ಬಿಡ್ರೀ," ಅಂದರು ಹೆಡ್‌ಮಾಸ್ಟರ್. ಒಂದು ಕ್ಷಣ ನನಗೂ ಹಾಗೇ ಅನ್ನಿಸಿತು. 'ಬೇಡ ಅಂದ್ರೂ ನೋಡಿದಳು' ಎಂಬ ಮಾತು ಬಾಯಿತನಕ ಬಂದಿತ್ತು. ನಾನು ಬೇಡ ಅಂದಿರಲೇ ಇಲ್ಲ.

ಅವಳ ಅಪ್ಪನಿಗೆ ಫೋನ್ ಮಾಡಿದೆ. ಹಿಟ್ಟಿನ ಗಿರಣಿ ನಡೆಸುವವರು, ಹುಬ್ಬಿನ ಮೇಲೆ ಹಿಟ್ಟು ಹಾಗೇ ಇರುವಾಗಲೇ ಓಡಿಬಂದರು.

"ಎಂತ ಆಯ್ತು ಮೇಡಂ?"

"ತಪ್ಪು ನಂದು. ಮುಚ್ಚಳ ಹಾಕಿರಲಿಲ್ಲ," ಎಂದು ನಡೆದದ್ದೆಲ್ಲ ಹೇಳಿದೆ.

"ಕಣ್ಣು ಹೋಗ್ತದಾ?"

"ಗೊತ್ತಿಲ್ಲ. ಹೋಗೋಣ ಬನ್ನಿ."

ಬಾಡಿಗೆ ಕಾರಿನಲ್ಲಿ ಶಿಕಾರಿಪುರದ ಕಣ್ಣಿನ ಡಾಕ್ಟರ ಹತ್ತಿರ ಹೊರಟೆವು. ಹುಡುಗಿ ದಾರಿಯುದ್ದಕ್ಕೂ ಎಡಗಣ್ಣು ಮುಚ್ಚಿಕೊಂಡು ಅಂಗಡಿ ಬೋರ್ಡು ಓದುತ್ತಿದ್ದಳು. "ನಡುವಿನ ಅಕ್ಷರ ಕಾಣಲ್ಲ ಮೇಡಂ." ಅಪ್ಪ ಅವಳ ಕೈ ಹಿಡಿದುಕೊಂಡರು. "ಓದೋದು ಬೇಡ, ಸುಮ್ನಿರು."

ಅಲ್ಲಿ ಕಣ್ಣಿಗೆ ಹನಿ ಹಾಕಿ ಕೂರಿಸಿದರು. ಆ ಕಾಯುವಿಕೆಯಲ್ಲಿ ಆದಷ್ಟು ಭಯ ನನಗೆ ಹೆರಿಗೆಯ ದಿನವೂ ಆಗಿರಲಿಲ್ಲ. ಕಣ್ಣು ಮುಚ್ಚಿ ಕೂತಿದ್ದವಳು ಮೆಲ್ಲಗೆ ಕೇಳಿದಳು:

"ಸೂರ್ಯ ಸಾಯೋಕೆ ಇನ್ನೂ ಎಷ್ಟು ವರ್ಷ ಅಂದ್ರಿ?"

"ಐನೂರು ಕೋಟಿ."

"ಅಷ್ಟೊತ್ತಿಗೆ ನನ್ನ ಕಣ್ಣು ಸರಿಹೋಗ್ತದೆ ಬಿಡಿ."

ಅವಳಪ್ಪ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

"ಪರದೆ ನಡುವೆ ಸುಟ್ಟಿದೆ," ಅಂದರು ಡಾಕ್ಟರ್. "ಇದಕ್ಕೆ ಔಷಧಿ ಇಲ್ಲ. ಎಷ್ಟೋ ಸಲ ತಾನಾಗೇ ಸುಧಾರಿಸುತ್ತೆ, ಕೆಲವು ಸಲ ಇಲ್ಲ. ಕಾಯ್ಬೇಕು." ಚೌಕಗಳಿರುವ ಒಂದು ಹಾಳೆ ಕೊಟ್ಟು, ಎಷ್ಟು ಚೌಕ ಕಾಣುತ್ತವೆ ಎಂದು ದಿನಾ ನೋಡಿಸಿ ಎಂದರು.

ಪ್ರತಿದಿನ ಪ್ರಾರ್ಥನೆಗೆ ಮುಂಚೆ ಸ್ಟಾಫ್ ರೂಮಿನಲ್ಲಿ ಅವಳು ಎಡಗಣ್ಣು ಮುಚ್ಚಿ ಆ ಹಾಳೆ ನೋಡುವಳು. ಮೊದಲ ವಾರ ಮೂರು ಚೌಕ ಕಾಣುತ್ತಿರಲಿಲ್ಲ. ಕೇಳುವುದಕ್ಕೂ ಭಯ, ಕೇಳದಿರುವುದಕ್ಕೂ ಭಯ. ಮನೆಯಲ್ಲಿ ರೊಟ್ಟಿ ಬೇಯಿಸುವಾಗ ನಾನೂ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಮೂರು ಎರಡಾಯಿತು, ಎರಡು ಒಂದಾಯಿತು. ವಾರ್ಷಿಕ ಪರೀಕ್ಷೆ ಹೊತ್ತಿಗೆ ಎಲ್ಲ ಚೌಕಗಳೂ ಕಂಡವು. ನಡುವಿನ ಒಂದು ಗೆರೆ ಮಾತ್ರ ಅವಳಿಗೆ ಬಾಗಿದಂತೆಯೇ ಕಾಣುತ್ತಿತ್ತು. ಅದು ಹಾಗೇ ಇರಬಹುದು ಎಂದರು ಡಾಕ್ಟರ್.

ಅವಳಪ್ಪ ನನ್ನನ್ನು ಒಂದು ದಿನವೂ ಬೈಯಲಿಲ್ಲ. "ನಡೆದದ್ದು ಮುಚ್ಚಿಟ್ಟಿದ್ರೆ ಮಾತ್ರ ಸುಮ್ನೆ ಬಿಡ್ತಿರಲಿಲ್ಲ," ಅಂದರು ಒಮ್ಮೆ.

ಅವಳೀಗ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಆಗಾಗ ಬಸ್ಸಿನಲ್ಲಿ ಸಿಗುತ್ತಾಳೆ. ಪುಸ್ತಕ ತೆರೆದರೆ ತಲೆ ಕೊಂಚ ವಾರೆ ಮಾಡಿಕೊಂಡು ಓದುತ್ತಾಳೆ. ಅದನ್ನು ಕಂಡಾಗಲೆಲ್ಲ ಬ್ಯಾಗಿನಲ್ಲೇ ಉಳಿದ ಆ ಮುಚ್ಚಳ ನನಗೆ ನೆನಪಾಗುತ್ತದೆ.